ಸ್ಟ್ರೋಕ್, ಔಟ್‌ಲೈನ್: ಟ್ಯಾಬ್ಲೆಟ್‌ನಿಂದ ಬಂದ ಗೆರೆ ಯಾಕೆ ಮಾತು ಕೇಳಲ್ಲ?

ಐಪ್ಯಾಡ್‌ನಲ್ಲಿ ಬಿಡಿಸಿದ ಚಿತ್ರವನ್ನು ಕಂಪ್ಯೂಟರಿಗೆ ತಂದು ಇಲ್ಲಸ್ಟ್ರೇಟರ್‌ನಲ್ಲೋ ಇಂಕ್‌ಸ್ಕೇಪ್‌ನಲ್ಲೋ, ಅಂದರೆ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ, ತೆರೆಯುತ್ತೀರಿ. ಫೈಲೇನೋ ವೆಕ್ಟರ್, ಅಂದರೆ ಚಿತ್ರ ಬಣ್ಣದ ಚುಕ್ಕಿಗಳಾಗಿ ಅಲ್ಲ, ಗೆರೆ ಮತ್ತು ಆಕಾರಗಳ ಲೆಕ್ಕವಾಗಿ ಉಳಿದಿರುತ್ತದೆ. ಆದರೆ ಗೆರೆಯ ದಪ್ಪ ಸ್ವಲ್ಪ ಕಮ್ಮಿ ಮಾಡೋಣ ಅಂದರೆ ಆಗುವುದಿಲ್ಲ. ಯಾಕೆಂದರೆ, ವೆಕ್ಟರ್ ಅಂದ ಮಾತ್ರಕ್ಕೆ ಅದು ಸ್ಟ್ರೋಕ್ ಆಗಿರಬೇಕೆಂದಿಲ್ಲ.

ಸ್ಟ್ರೋಕ್‌ನಲ್ಲಿ ಫೈಲಿನೊಳಗೆ ಇರುವುದು ಗೆರೆ ಸಾಗುವ ದಾರಿ ಮಾತ್ರ. ಕೆಲವು ಬಿಂದುಗಳು, ಅವುಗಳ ನಡುವೆ ಬೆಝಿಯೆ ಎಂದು ಕರೆಯುವ ಬಾಗು ಗೆರೆಗಳು, ಅಷ್ಟೇ. ದಪ್ಪ, ಬಣ್ಣ ಎಲ್ಲ ಆ ದಾರಿಗೆ ಅಂಟಿಸಿದ ಸೂಚನೆಗಳು. 2 ಪಾಯಿಂಟ್ ಇದ್ದ ಜಾಗದಲ್ಲಿ 5 ಅಂತ ಬರೆದರೆ ಗೆರೆ ದಪ್ಪವಾಗುತ್ತದೆ, ದಾರಿ ಕದಲುವುದಿಲ್ಲ. ಔಟ್‌ಲೈನ್‌ನಲ್ಲಿ ಈ ದಾರಿಯೇ ಇರುವುದಿಲ್ಲ. ಗೆರೆಯ ಎರಡೂ ಅಂಚುಗಳನ್ನು ಸುತ್ತಿ, ಒಳಗೆ ಬಣ್ಣ ತುಂಬಿರುತ್ತಾರೆ. ನಾಲೆಯ ಎರಡು ದಂಡೆ ಬರೆದು, ನೀರು ಹರಿಯುವ ನಡುದಾರಿಯನ್ನೇ ಬಿಟ್ಟ ಹಾಗೆ. ಅಗಲ ಬದಲಾಯಿಸಬೇಕೆಂದರೆ ಎರಡೂ ದಂಡೆಗಳನ್ನು ಎಳೆದಾಡಬೇಕು.

ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಪತ್ತೆ ಮಾಡುವುದು ಸುಲಭ. ಇಲ್ಲಸ್ಟ್ರೇಟರ್‌ನಲ್ಲಿ ಕಂಟ್ರೋಲ್ ಮತ್ತು ವೈ ಒತ್ತಿ. ಇಂಕ್‌ಸ್ಕೇಪ್‌ನಲ್ಲಾದರೆ ವ್ಯೂ ಮೆನುವಿನ ಔಟ್‌ಲೈನ್ ಮೋಡ್‌ಗೆ ಹೋಗಿ. ಒಂದೇ ಎಳೆ ಕಂಡರೆ ಸ್ಟ್ರೋಕ್, ಜೋಡಿ ಎಳೆ ಕಂಡರೆ ಔಟ್‌ಲೈನ್.

ಟ್ಯಾಬ್ಲೆಟ್ ಆ್ಯಪ್‌ಗಳು ಔಟ್‌ಲೈನ್ ಕೊಡುವುದಕ್ಕೆ ಕಾರಣ ಪೆನ್ನಿನ ಒತ್ತಡ. ಒತ್ತಿದಲ್ಲಿ ದಪ್ಪ, ಹಗುರ ಮಾಡಿದಲ್ಲಿ ತೆಳು, ಅದೇ ಅಲ್ವಾ ಪೆನ್ಸಿಲ್ ಹಿಡಿಯುವ ಸುಖ! ಆದರೆ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2001ರಲ್ಲಿ ಮಾನ್ಯ ಮಾಡಿದ ಎಸ್‌ವಿಜಿ ಎಂಬ ವೆಕ್ಟರ್ ಫೈಲ್ ಮಾದರಿಯಲ್ಲಿ ಒಂದು ದಾರಿಗೆ ಒಂದೇ ದಪ್ಪ. ನಡುವೆ ಹೆಚ್ಚು ಕಮ್ಮಿ ಮಾಡಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ಆ್ಯಪ್ ಗೆರೆಯ ಅಂಚನ್ನೇ ಬರೆದು ಕಳಿಸುತ್ತದೆ. ಸುಮ್ನೆ ಆ್ಯಪನ್ನು ಬೈದು ಪ್ರಯೋಜನವಿಲ್ಲ. ಇಲ್ಲಸ್ಟ್ರೇಟರ್‌ಗೆ 2010ರಲ್ಲಿ ಬಂದ ವಿಡ್ತ್ ಟೂಲ್ ಒಂದೇ ಸ್ಟ್ರೋಕಿಗೆ ಬೇರೆ ಬೇರೆ ದಪ್ಪ ಕೊಡುತ್ತದೆ, ನಿಜ. ಅದೂ ಇಲ್ಲಸ್ಟ್ರೇಟರ್‌ನ ಸ್ವಂತ ಫೈಲಿನೊಳಗೆ ಮಾತ್ರ.

ಎಡಿಟ್ ಆಗುವ ಗೆರೆಯೇ ಬೇಕೆಂದರೆ ಮೊದಲೇ ಯೋಚಿಸಬೇಕು. ವೆಕ್ಟರ್ ಆ್ಯಪ್‌ನಲ್ಲಿ ಒತ್ತಡ ಆಫ್ ಮಾಡಿ, ಒಂದೇ ದಪ್ಪದ ಪೆನ್ ಆರಿಸಿ, ಒಂದೇ ಒಂದು ಗೆರೆ ಎಳೆದು ಕಂಪ್ಯೂಟರಿಗೆ ಕಳಿಸಿ ನೋಡಿ. ಇಡೀ ಚಿತ್ರ ಮುಗಿದ ಮೇಲೆ ಗೊತ್ತಾಗುವುದಕ್ಕಿಂತ ಇದು ವಾಸಿ.

ಐಪ್ಯಾಡ್‌ನ ಪ್ರೊಕ್ರಿಯೇಟ್ ಆ್ಯಪ್ ಬಳಸುವವರ ಕಥೆ ಬೇರೆ. ಅಲ್ಲಿ ಇರುವುದು ಬರೀ ಪಿಕ್ಸೆಲ್, ಅಂದರೆ ಬಣ್ಣದ ಚುಕ್ಕಿಗಳು. ಪಿಎನ್‌ಜಿ ಮಾಡಿ ತಂದು ಟ್ರೇಸ್ ಮಾಡಬೇಕು, ಅಂದರೆ ಸಾಫ್ಟ್‌ವೇರ್‌ನಿಂದ ಚುಕ್ಕಿಗಳನ್ನು ವೆಕ್ಟರ್ ಮಾಡಿಸಬೇಕು. ಇಂಕ್‌ಸ್ಕೇಪ್‌ನ ಮಾಮೂಲಿ ಟ್ರೇಸ್ ಹಿಂದೆ ಕೆಲಸ ಮಾಡುವುದು ಪೋಟ್ರೇಸ್ ಎಂಬ ಪ್ರೋಗ್ರಾಮ್. ಅದು ಕೊಡುವುದು ಮತ್ತೆ ಔಟ್‌ಲೈನೇ. ನಡುದಾರಿ ಬೇಕಾದರೆ 2020ರ 1.0 ಆವೃತ್ತಿಯಲ್ಲಿ ಬಂದ ಸೆಂಟರ್‌ಲೈನ್ ಟ್ರೇಸಿಂಗ್ ಬಳಸಬೇಕು. ಇಲ್ಲಸ್ಟ್ರೇಟರ್ ಬಳಸುವವರು ಇಮೇಜ್ ಟ್ರೇಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ಸ್ಟ್ರೋಕ್ಸ್ ಆರಿಸಬೇಕು. ಬಿಳಿಯ ಮೇಲೆ ಕಪ್ಪು, ಒಂದೇ ದಪ್ಪದ ಮಾನೋಲೈನ್ ಬ್ರಷ್, ಬಣ್ಣಕ್ಕೆ ಬೇರೆ ಲೇಯರ್, ಇಷ್ಟಿದ್ದರೆ ಟ್ರೇಸ್ ಪರವಾಗಿಲ್ಲ ಅನ್ನುವಷ್ಟು ಬರುತ್ತದೆ. ಆದರೂ ಗೆರೆಗಳು ಕೂಡುವ ಜಾಗದಲ್ಲಿ ಸೊಟ್ಟಗಾಗುತ್ತದೆ, ಬಿಂದುಗಳೂ ಜಾಸ್ತಿ. ಸಿಂಪ್ಲಿಫೈ ಆಜ್ಞೆ ಕೊಟ್ಟರೆ ಬಿಂದುಗಳು ಕಮ್ಮಿಯಾಗುತ್ತವೆ, ಅತಿ ಮಾಡಿದರೆ ಚೂಪು ಮೂಲೆಗಳೂ ಮೊಂಡಾಗುತ್ತವೆ. ಚಿತ್ರ ಸಣ್ಣದಾಗಿದ್ದರೆ ನನ್ನ ಸಲಹೆ: ಅದನ್ನು ಮಸುಕು ಮಾಡಿ ಕೆಳಗಿಟ್ಟು, ಪೆನ್ ಟೂಲ್‌ನಿಂದ ಮೇಲೆ ಮತ್ತೆ ಬರೆಯಿರಿ. ಟ್ರೇಸ್ ಆದದ್ದನ್ನು ರಿಪೇರಿ ಮಾಡುವುದಕ್ಕಿಂತ ಬೇಗ ಮುಗಿಯುತ್ತದೆ.

ಸ್ಟ್ರೋಕನ್ನು ಔಟ್‌ಲೈನ್ ಮಾಡಲು ಒಂದು ಕ್ಲಿಕ್ ಸಾಕು. ಔಟ್‌ಲೈನನ್ನು ಮತ್ತೆ ಸ್ಟ್ರೋಕ್ ಮಾಡಲು ಅಂಥ ಸಲೀಸಾದ ಬಟನ್ ಇಲ್ಲ. ಅದಕ್ಕೇ ಮೊದಲೇ ಸ್ಟ್ರೋಕಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಹಾಗಂತ ಔಟ್‌ಲೈನ್ ಕೆಟ್ಟದ್ದೇನಲ್ಲ. ಕನ್ನಡ ಫಾಂಟ್ ಮಾಡುವವರಿಗೆ ಕೊನೆಗೆ ಬೇಕಾಗುವುದು ಅದೇ. ಫಾಂಟಿನೊಳಗೆ ಪ್ರತಿ ಅಕ್ಷರವೂ ಸುತ್ತು ಮುಚ್ಚಿದ ಆಕಾರ. ತಲೆಕಟ್ಟಿನ ದಪ್ಪ ತೆಳು ಕೂಡ ಅಂಚಿನಲ್ಲೇ ಇರುತ್ತದೆ. ಮಲೆನಾಡಿನ ಹಸೆ ಚಿತ್ತಾರದಂಥ ಗೆರೆಯ ಚಿತ್ರವನ್ನು ಪೆನ್ ಪ್ಲಾಟರಿಗೆ, ಅಂದರೆ ಪೆನ್ ಹಿಡಿದು ಕಾಗದದ ಮೇಲೆ ಬರೆಯುವ ಯಂತ್ರಕ್ಕೆ, ಕೊಡುವುದಾದರೆ ಮಾತ್ರ ಸ್ಟ್ರೋಕೇ ಬೇಕು. ಔಟ್‌ಲೈನ್ ಕೊಟ್ಟರೆ ಯಂತ್ರ ಪ್ರತಿ ಗೆರೆಯ ಎರಡೂ ಅಂಚಿನ ಮೇಲೆ ಓಡಿ, ಒಂದು ಗೆರೆಯ ಜಾಗದಲ್ಲಿ ಎರಡು ಎಳೆಯುತ್ತದೆ.