ಸ್ಯಾಂಪ್ಲರ್ ಕಲಿಯುವವರಿಗೆ ಟಿಪ್ಪಣಿ: ಶಬ್ದ ಎಲ್ಲಿ ಶುರುವಾಗುತ್ತದೆ?

ಸ್ಯಾಂಪ್ಲರ್ ಅಂದರೆ ಶಬ್ದದ ತುಣುಕನ್ನು (ಅದೇ ಸ್ಯಾಂಪಲ್) ರೆಕಾರ್ಡ್ ಮಾಡಿಕೊಂಡು, ಪ್ಯಾಡ್ ಅನ್ನುವ ಗುಂಡಿ ಒತ್ತಿದಾಗ ನುಡಿಸುವ ಯಂತ್ರ. ಮೊದಲ ಎರಡು ವಾರ ನಾನು ಅದರಲ್ಲಿ ಮಾಡಿದ ಎಲ್ಲ ಬೀಟ್‌ಗಳಲ್ಲೂ ಕಿಕ್, ಅಂದರೆ ದೊಡ್ಡ ಡ್ರಮ್‌ನ ದಪ್ಪ ಏಟು, ಸ್ವಲ್ಪ ಹಿಂದೆ ಬೀಳುತ್ತಿತ್ತು. ಬೆರಳಿಗೆ ಅಭ್ಯಾಸ ಸಾಲದು ಅಂದುಕೊಂಡು, ಮೆಟ್ರೋನೋಮ್ ಹಾಕಿ ಒಂದೇ ಬಾರ್ ಅನ್ನು (ನಾಲ್ಕು ಬೀಟ್‌ನ ಒಂದು ಸುತ್ತು) ಮತ್ತೆ ಮತ್ತೆ ನುಡಿಸಿದೆ. ಆಮೇಲೆ ಕ್ವಾಂಟೈಸ್ ಹಾಕಿದೆ. ಅಂದರೆ ನಾವು ಹೇಗೇ ಒತ್ತಿದರೂ ಯಂತ್ರವೇ ಏಟನ್ನು ಎಳೆದು ಸರಿಯಾದ ಜಾಗದಲ್ಲಿ ಕೂರಿಸುತ್ತದೆ. ಆಗಲೂ ಹಿಂದೆಯೇ! ಕೊನೆಗೆ ಸ್ಯಾಂಪಲ್ ತೆರೆದು ಹಿಗ್ಗಿಸಿ ನೋಡಿದರೆ, ಏಟಿಗೆ ಮುಂಚೆ ಸುಮಾರು 40 ಮಿಲಿಸೆಕೆಂಡ್ ಖಾಲಿ ಇತ್ತು. ರೆಕಾರ್ಡ್ ಬಟನ್ ಬೇಗ ಒತ್ತಿದ್ದರ ಫಲ. ಕ್ವಾಂಟೈಸ್ ಸರಿ ಮಾಡುವುದು ಪ್ಯಾಡ್ ಒತ್ತಿದ ಹೊತ್ತನ್ನು ಮಾತ್ರ. ಸ್ಯಾಂಪಲ್ ಒಳಗೆ ಶಬ್ದ ಎಲ್ಲಿ ಕೂತಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

40 ಮಿಲಿಸೆಕೆಂಡ್ ಅಂದರೆ ಏನು ಮಹಾ ಅನಿಸಬಹುದು. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 90 ಬೀಟ್ ವೇಗದಲ್ಲಿ ಒಂದು ಬೀಟ್‌ಗೆ 60 ಭಾಗಿಸು 90, ಅಂದರೆ 667 ಮಿಲಿಸೆಕೆಂಡ್. ಅದನ್ನು ನಾಲ್ಕು ಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಸ್ಟೆಪ್, ಅದಕ್ಕೆ 167. ನನ್ನ ಕಿಕ್ ಸುಮಾರು ಕಾಲು ಸ್ಟೆಪ್‌ನಷ್ಟು ತಡ. ಕಿವಿಗೆ ಇದು ಚೆನ್ನಾಗಿಯೇ ಗೊತ್ತಾಗುತ್ತದೆ.

ಅಲ್ಲಿಂದ ನಾನು ಮೆನುಗಳನ್ನು ಒಂದೊಂದಾಗಿ ಉರು ಹೊಡೆಯುವುದನ್ನು ಬಿಟ್ಟೆ. ಯಾವ ಬಟನ್ ಮುಟ್ಟಿದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರಿಂದ ಶಬ್ದ ಶುರುವಾಗುವ ಜಾಗ ಬದಲಾಗುತ್ತಾ? ಈ ಟಿಪ್ಪಣಿಯೂ ಅದೇ ದಾರಿಯಲ್ಲಿ ಹೋಗುತ್ತದೆ.

ರೆಕಾರ್ಡ್ ಮಾಡುವಾಗ

ಇಲ್ಲಿ ಹೇಳುವುದು ಜಾಸ್ತಿ ಇಲ್ಲ. ಲೆವೆಲ್ ಮೀಟರ್‌ನಲ್ಲಿ ಅತಿ ಜೋರಾದ ಏಟು ಮೈನಸ್ 6 ಡೆಸಿಬೆಲ್ ಆಸುಪಾಸಿಗೆ ಬಂದರೆ ಸಾಕು. ಮೀಟರ್‌ನ ಮೇಲಿನ ಮಿತಿಯಾದ ಸೊನ್ನೆ ದಾಟಿ ಒಡೆದ ಶಬ್ದವನ್ನು ಆಮೇಲೆ ಸರಿಪಡಿಸುವುದು ಬಲು ಕಷ್ಟ, ಮೆಲ್ಲಗಿರುವುದನ್ನು ಜೋರು ಮಾಡಬಹುದು. ನಿಮ್ಮ ಯಂತ್ರದಲ್ಲಿ ಥ್ರೆಶೋಲ್ಡ್ ಅನ್ನುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಶಬ್ದ ಇಂತಿಷ್ಟು ಜೋರಾದಾಗಲೇ ರೆಕಾರ್ಡಿಂಗ್ ತಾನಾಗಿ ಶುರುವಾಗುತ್ತದೆ, ಖಾಲಿ ಜಾಗದ ಕಾಟ ಬಹುಪಾಲು ಹೋಗುತ್ತದೆ. ಕಿಕ್, ಸ್ನೇರ್‌ಗೆ (ಚಟ್ ಅನ್ನುವ ಚಿಕ್ಕ ಡ್ರಮ್) ಮೋನೋ, ಅಂದರೆ ಎಡ ಬಲ ಬೇರೆ ಮಾಡದ ಒಂದೇ ಚಾನೆಲ್, ಸಾಕು. 16 ಬಿಟ್, 44.1 ಕಿಲೋಹರ್ಟ್ಸ್ ಸ್ಟೀರಿಯೋ ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ, ಮೋನೋ ಅದರಲ್ಲಿ ಅರ್ಧ.

ಕತ್ತರಿಸುವುದು

ನನ್ನ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸ ಇಲ್ಲೇ ಇದೆ. ಹೊಸಬರು ಎಫೆಕ್ಟ್‌ಗಳ ಕಡೆ ಓಡುತ್ತಾರೆ, ಕತ್ತರಿ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಸ್ಟಾರ್ಟ್ ಪಾಯಿಂಟ್ ಇಡುವಾಗ ಪರದೆಯನ್ನು ಪೂರ್ತಿ ಹಿಗ್ಗಿಸಿ. ಏಟು ಮೇಲೇಳುವ ಜಾಗಕ್ಕೆ ಕೂದಲೆಳೆಯಷ್ಟೇ ಮುಂಚೆ ಗುರುತು ಇರಬೇಕು. ತೀರಾ ಮುಂದಕ್ಕೆ ತಳ್ಳಿದರೆ ಡ್ರಮ್‌ನ ಮೊದಲ ಚಟಪಟ ಹೋಗಿ ಶಬ್ದ ಮೊಂಡಾಗುತ್ತದೆ. ಅಲೆಯ ಗೆರೆ ಮಧ್ಯದ ಸೊನ್ನೆ ಗೆರೆಯನ್ನು ದಾಟುವ ಕಡೆಯೇ ಕತ್ತರಿಸಿ. ಅಲೆ ಮೇಲೆ ಇರುವಾಗ ಕತ್ತರಿಸಿದರೆ ಸ್ಪೀಕರ್ ಒಮ್ಮೆಲೇ ಹಾರಬೇಕಾಗುತ್ತದೆ, ಟಿಕ್ ಅಂತ ಸಣ್ಣ ಸದ್ದು ಬರುತ್ತದೆ. ಕೊನೆಯಲ್ಲೂ ಇದೇ ತೊಂದರೆ, ಅಲ್ಲಿ ಕೆಲವೇ ಮಿಲಿಸೆಕೆಂಡ್ ರಿಲೀಸ್ (ಶಬ್ದ ಮೆಲ್ಲಗೆ ಇಳಿದು ನಿಲ್ಲುವ ಹೊತ್ತು) ಕೊಟ್ಟರೆ ಟಿಕ್ ಮಾಯ.

ಉದ್ದನೆಯ ಲೂಪ್ ಅನ್ನು, ಅಂದರೆ ತಿರುತಿರುಗಿ ನುಡಿಯುವ ತುಣುಕನ್ನು, ತುಂಡು ಮಾಡಲು ಸಾಮಾನ್ಯವಾಗಿ ಮೂರು ದಾರಿ ಇರುತ್ತವೆ: ಸಮ ಭಾಗ ಮಾಡುವುದು, ಏಟುಗಳನ್ನು ಯಂತ್ರವೇ ಹುಡುಕಿ ಗುರುತು ಹಾಕುವುದು, ಲೂಪ್ ಓಡುತ್ತಿರುವಾಗ ನಾವೇ ಪ್ಯಾಡ್ ಒತ್ತಿ ಗುರುತು ಹಾಕುವುದು. ಮೆಷಿನ್ ಬಾರಿಸಿದ ಡ್ರಮ್ ಆದರೆ ಸಮ ಭಾಗ ಸರಿಹೋಗುತ್ತದೆ. ಮನುಷ್ಯ ಬಾರಿಸಿದ್ದಾದರೆ ಏಟು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದಿರುತ್ತದೆ, ಸಮ ಭಾಗದ ಗೆರೆ ಯಾವುದೋ ಸ್ನೇರ್‌ನ ನಡುವೆ ಹೋಗಿ ಕೂರುತ್ತದೆ. ಶುರುವಿನಲ್ಲಿ ಕೈಯಿಂದಲೇ ಎಂಟು ತುಂಡು ಮಾಡಿ, ಆಮೇಲೆ ಒಂದೊಂದರ ಗುರುತನ್ನೂ ತಿದ್ದಿ. ಬೇಸರದ ಕೆಲಸ ನಿಜ, ಆದರೆ ಕಿವಿ ಪಳಗುವುದು ಇದರಲ್ಲೇ.

ಕತ್ತರಿಸಿದ್ದು ಸರಿಯಾಗಿದೆಯಾ ಅಂತ ನೋಡಲು ನಾನು ಮಾಡುವ ಪರೀಕ್ಷೆ ಇದು. ತುಂಡುಗಳನ್ನು ಮೊದಲಿದ್ದ ಕ್ರಮದಲ್ಲೇ ಬೆರಳಿನಿಂದ ನುಡಿಸಿ. ಮೂಲ ಲೂಪ್‌ನ ನಡೆ ಹಾಗೇ ವಾಪಸ್ ಬಂದರೆ ಎಲ್ಲ ಸರಿ ಇದೆ. ಎಲ್ಲಾದರೂ ಎಡವಿದರೆ ಆ ತುಂಡಿನ ಸ್ಟಾರ್ಟ್ ಪಾಯಿಂಟ್ ನೋಡಿ. ಇದು ಪಾಸಾದ ಮೇಲೆಯೇ ಕ್ರಮ ಕಲೆಸಿ ಆಟ ಆಡಿ.

ಜೊತೆಗೆ ಇನ್ನೆರಡು ಸೆಟ್ಟಿಂಗ್. ಒನ್‌ಶಾಟ್‌ನಲ್ಲಿ ಒಮ್ಮೆ ಒತ್ತಿದರೆ ಸ್ಯಾಂಪಲ್ ಪೂರ್ತಿ ಓಡುತ್ತದೆ, ಗೇಟ್‌ನಲ್ಲಿ ಬೆರಳು ಇಟ್ಟಷ್ಟು ಹೊತ್ತು ಮಾತ್ರ. ಡ್ರಮ್‌ಗೆ ಮೊದಲನೆಯದು, ರಾಗದ ತುಂಡುಗಳಿಗೆ ಎರಡನೆಯದು ಹಿಡಿಸುತ್ತದೆ. ಇನ್ನು ಮ್ಯೂಟ್ ಗ್ರೂಪ್: ತೆರೆದ ಹೈಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಾಳ), ಮುಚ್ಚಿದ ಹೈಹ್ಯಾಟ್ ಎರಡನ್ನೂ ಒಂದೇ ಗುಂಪಿಗೆ ಹಾಕಿದರೆ ಒಂದು ಬಂದಾಗ ಇನ್ನೊಂದು ನಿಲ್ಲುತ್ತದೆ, ನಿಜವಾದ ಡ್ರಮ್‌ನಲ್ಲಿ ಆಗುವಂತೆಯೇ. ರಾಗದ ತುಂಡುಗಳಿಗೂ ಹಾಕಿ ನೋಡಿ, ಒಂದರ ಮೇಲೊಂದು ಬಿದ್ದು ರಾಡಿ ಆಗುವುದು ತಪ್ಪುತ್ತದೆ.

ಪಿಚ್ ಮುಟ್ಟಿದರೆ ಉದ್ದವೂ ಬದಲಾಗುತ್ತದೆ

ಪಿಚ್ ಅಂದರೆ ಶ್ರುತಿ. ಅದನ್ನು ಏರಿಸಿದರೆ ಸ್ಯಾಂಪಲ್ ಬೇಗ ಓಡಿ ಮುಗಿಯುತ್ತದೆ, ಇಳಿಸಿದರೆ ನಿಧಾನವಾಗುತ್ತದೆ. ಇದನ್ನೇ ಜನ ಹಿಂದೆ ಉಪಾಯವಾಗಿ ಬಳಸಿದ್ದರು. 1987ರಲ್ಲಿ ಬಂದ ಇ-ಮ್ಯು ಎಸ್‌ಪಿ-1200 ಅನ್ನುವ ಯಂತ್ರದಲ್ಲಿ ಒಟ್ಟು 10 ಸೆಕೆಂಡ್ ಮಾತ್ರ ಸ್ಯಾಂಪಲ್ ಮಾಡಬಹುದಿತ್ತು. ಒಂದು ಸ್ಯಾಂಪಲ್ 2.5 ಸೆಕೆಂಡ್ ಮೀರುವಂತಿರಲಿಲ್ಲ. ಒಂದು ಬಾರ್‌ನ ಲೂಪ್ ಅದರಲ್ಲಿ ಹಿಡಿಸಬೇಕಲ್ಲ! ಅದಕ್ಕೆ ಜನ ನಿಮಿಷಕ್ಕೆ 33⅓ ಸುತ್ತು ವೇಗದ ರೆಕಾರ್ಡನ್ನು 45ರಲ್ಲಿ ಓಡಿಸಿ ಸ್ಯಾಂಪಲ್ ಮಾಡುತ್ತಿದ್ದರು, ಆಮೇಲೆ ಯಂತ್ರದೊಳಗೆ ಪಿಚ್ ಇಳಿಸಿ ಮೊದಲಿನ ವೇಗಕ್ಕೆ ತರುತ್ತಿದ್ದರು. 45 ಭಾಗಿಸು 33⅓ ಅಂದರೆ 1.35, ಅಂದರೆ ಸುಮಾರು 5 ಸೆಮಿಟೋನ್ (ಕೀಬೋರ್ಡ್‌ನಲ್ಲಿ ಪಕ್ಕಪಕ್ಕದ ಎರಡು ಕೀಗಳ ಅಂತರ) ಇಳಿಸಬೇಕು. ಜಾಗ ಉಳಿಯಿತು, ಜೊತೆಗೆ ಶಬ್ದಕ್ಕೆ ಒಂದು ಒರಟುತನ ಬಂತು. 12 ಬಿಟ್, 26.04 ಕಿಲೋಹರ್ಟ್ಸ್ ಯಂತ್ರ ಅದು, 13 ಕಿಲೋಹರ್ಟ್ಸ್ ಮೇಲಿನದ್ದು ಅದರಲ್ಲಿ ಉಳಿಯುವುದೇ ಇಲ್ಲ. ಇವತ್ತಿಗೂ ಜನ ಆ ಒರಟು ಶಬ್ದವನ್ನು ಬೇಕು ಅಂತಲೇ ಹುಡುಕುತ್ತಾರೆ, ಅಂಥ ಎಫೆಕ್ಟ್ ಹೊಸ ಯಂತ್ರಗಳಲ್ಲೂ ಸಿಗುತ್ತದೆ.

ನಮಗೆ ಬೇಕಾದ ಲೆಕ್ಕ ಸುಲಭ. ಒಂದು ಸೆಮಿಟೋನ್ ಏರಿಸಿದರೆ ವೇಗ ಸುಮಾರು 6 ಶೇಕಡಾ ಜಾಸ್ತಿ. 90ರ ಲೂಪ್ ಒಂದು ಏರಿದರೆ 95, ಎರಡು ಏರಿದರೆ 101, ಎರಡು ಇಳಿದರೆ 80. ಪೂರ್ತಿ 12 ಏರಿಸಿದರೆ ವೇಗ ಎರಡರಷ್ಟು, ಉದ್ದ ಅರ್ಧ. ಪಿಚ್ ಮುಟ್ಟದೆ ಉದ್ದ ಮಾತ್ರ ಬದಲಿಸುವ ಟೈಮ್‌ಸ್ಟ್ರೆಚ್ ಹೊಸ ಯಂತ್ರಗಳಲ್ಲಿ ಇರುತ್ತದೆ. ಆದರೂ ಮೊದಲು ಪಿಚ್‌ನಿಂದಲೇ ಪ್ರಯತ್ನಿಸಿ, ಡ್ರಮ್ ಏಟಿನ ಮೊನೆ ಚೆನ್ನಾಗಿ ಉಳಿಯುತ್ತದೆ.

ಸ್ವಿಂಗ್

ಇದು ಅರ್ಥವಾದ ದಿನ ನಾನು ನಿಜವಾಗಿ ಖುಷಿಪಟ್ಟೆ. 1988ರಲ್ಲಿ ಬಂದ ಅಕಾಯ್ ಎಂಪಿಸಿ60 ಯಂತ್ರವನ್ನು ರೂಪಿಸಿದವರು ರೋಜರ್ ಲಿನ್. ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು ಪ್ಯಾಡ್ ಇಟ್ಟ ಅದರ ಮುಖವನ್ನೇ ಇವತ್ತಿನ ಎಷ್ಟೋ ಸ್ಯಾಂಪ್ಲರ್‌ಗಳಲ್ಲಿ ನೋಡುತ್ತೇವೆ. ಅದು ಒಂದು ಬೀಟ್ ಅನ್ನು 96 ಸಣ್ಣ ಭಾಗ ಮಾಡಿಕೊಳ್ಳುತ್ತದೆ. ಹಾಗಾದರೆ ಒಂದು ಸ್ಟೆಪ್‌ಗೆ 24, ಎರಡು ಸ್ಟೆಪ್ ಸೇರಿದ ಜೋಡಿಗೆ 48. ಸ್ವಿಂಗ್ ಅಂದರೆ ಆ ಜೋಡಿಯಲ್ಲಿ ಎರಡನೇ ಏಟು ಎಲ್ಲಿ ಶುರುವಾಗಬೇಕು ಅನ್ನುವುದು, ಅಷ್ಟೇ. 50 ಶೇಕಡಾ ಅಂದರೆ 24 ಮತ್ತು 24, ನೇರ ನಡೆ. 54 ಅಂದರೆ 26 ಮತ್ತು 22. 58 ಅಂದರೆ 28 ಮತ್ತು 20. 62 ಅಂದರೆ 30 ಮತ್ತು 18. 66 ಅಂದರೆ 32 ಮತ್ತು 16, ಮೂರರಲ್ಲಿ ಎರಡು ಪಾಲು, ಒಂದು ಪಾಲು, ಪೂರ್ತಿ ತ್ರಿಶ್ರದ ನಡೆ.

90ರ ವೇಗದಲ್ಲಿ ಇಂಥ ಒಂದು ಸಣ್ಣ ಭಾಗಕ್ಕೆ 7 ಮಿಲಿಸೆಕೆಂಡ್. 54ರಲ್ಲಿ ಎರಡನೇ ಏಟು 14 ಮಿಲಿಸೆಕೆಂಡ್ ತಡ, 62ರಲ್ಲಿ ಸುಮಾರು 42. ನನ್ನ ಕಿಕ್‌ನ ಮುಂದಿದ್ದ ಖಾಲಿ ಜಾಗ ನೆನಪಿದೆಯಾ? ಹೆಚ್ಚುಕಮ್ಮಿ ಅಷ್ಟೇ ತಡ, ಆದರೆ ಬೀಟ್‌ನ ಮೊದಲ ಏಟಿಗೇ ಬಿದ್ದು ಎಲ್ಲವನ್ನೂ ಕೆಡಿಸುತ್ತಿತ್ತು. ಜೋಡಿಯ ಎರಡನೇ ಹೈಹ್ಯಾಟ್‌ಗೆ ಬಿದ್ದಾಗ ಅದೇ ತಡ ಕೇಳುವವರ ತಲೆ ಆಡಿಸುತ್ತದೆ. ಸ್ಯಾಂಪಲ್ ಮುಂದೆ ಖಾಲಿ ಬಿಟ್ಟು ಸ್ವಿಂಗ್ ಹಾಕಿದರೆ ಎರಡೂ ಸೇರಿ ಗೊಂದಲ ಆಗುತ್ತದೆ, ಹಾಗಾಗಿ ಕತ್ತರಿ ಕೆಲಸ ಮುಗಿಯದೆ ಸ್ವಿಂಗ್ ಮುಟ್ಟಬೇಡಿ.

ಎಲ್ಲ ವಾದ್ಯಕ್ಕೂ ಒಂದೇ ಸ್ವಿಂಗ್ ಇರಬೇಕು ಅಂತೇನಿಲ್ಲ. ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ ಅವರ ಬೀಟ್‌ಗಳನ್ನು ಗಮನವಿಟ್ಟು ಕೇಳಿ. ಕಿಕ್ ಒಂದು ಲೆಕ್ಕದಲ್ಲಿ, ಸ್ನೇರ್ ಇನ್ನೊಂದು ಲೆಕ್ಕದಲ್ಲಿ, ಹೈಹ್ಯಾಟ್ ಮತ್ತೊಂದು ಲೆಕ್ಕದಲ್ಲಿ ನಡೆಯುತ್ತವೆ, ಆದರೂ ಜೊತೆ ಬಿಡುವುದಿಲ್ಲ. ಅವರು ಬಳಸಿದ, ಎಂಪಿಸಿ ಸಾಲಿನದೇ ಆದ ಎಂಪಿಸಿ3000 ಯಂತ್ರ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂನಲ್ಲಿದೆ. ನಾವು ಚಿಕ್ಕದಾಗಿ ಹೀಗೆ ಶುರು ಮಾಡಬಹುದು: ಕಿಕ್ ನೇರ, ಹೈಹ್ಯಾಟ್ 58, ಸ್ನೇರ್ ಎರಡು ಸಣ್ಣ ಭಾಗ ಮುಂಚೆ. ಫುಲ್ ಲೆವೆಲ್ ಬಟನ್ ಆನ್ ಆಗಿದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಮೆಲ್ಲಗೆ ಒತ್ತಿದರೂ ಎಲ್ಲ ಏಟೂ ಒಂದೇ ಜೋರಿನಲ್ಲಿ ಬರುತ್ತದೆ.

ಸೇವ್ ಮಾಡುವುದನ್ನು ಮಾತ್ರ ಮರೆಯಬೇಡಿ. ಎಷ್ಟೋ ಯಂತ್ರಗಳಲ್ಲಿ ಕಾರ್ಡ್‌ಗೆ ಸೇವ್ ಮಾಡದೆ ಸ್ವಿಚ್ ಆಫ್ ಮಾಡಿದರೆ ಎಲ್ಲ ಹೋಗುತ್ತದೆ.

ಈಗ ಅಭ್ಯಾಸ. ಸುಮ್ನೆ ಮೇಜಿನ ಮೇಲೆ ಒಮ್ಮೆ ಗುದ್ದಿ, ಅದೊಂದೇ ಶಬ್ದವನ್ನು ಸ್ಯಾಂಪಲ್ ಮಾಡಿ, ಮೂರು ಪ್ಯಾಡ್‌ಗೆ ನಕಲು ಮಾಡಿಕೊಳ್ಳಿ. ಮೊದಲನೆಯದನ್ನು 12 ಸೆಮಿಟೋನ್ ಇಳಿಸಿ, ಅದು ಕಿಕ್. ಎರಡನೆಯದನ್ನು ಹಾಗೇ ಬಿಟ್ಟು ಸ್ವಲ್ಪ ಒಡೆದ ಶಬ್ದದ ಎಫೆಕ್ಟ್ ಕೊಡಿ, ಅದು ಸ್ನೇರ್. ಮೂರನೆಯದನ್ನು 12 ಏರಿಸಿ, ಬಾಲ ಚಿಕ್ಕದು ಮಾಡಿ, ಬೇಸ್ ಪೂರ್ತಿ ಕಡಿಮೆ ಮಾಡಿ. ಇನ್ನೂ ಗುದ್ದಿದ ಹಾಗೇ ಕೇಳುತ್ತಿದೆ ಅನಿಸಿದರೆ, ಇದೊಂದು ಪ್ಯಾಡ್‌ನಲ್ಲಿ ಮಾತ್ರ ಸ್ಟಾರ್ಟ್ ಪಾಯಿಂಟ್ ಅನ್ನು ಏಟಿನ ಆಚೆಗೆ ತಳ್ಳಿ. ಗುದ್ದು ಹೋಗಿ ಬರೀ ಒಣ ಟಿಸ್ ಉಳಿಯುತ್ತದೆ. ಅದೇ ನಿಮ್ಮ ಹೈಹ್ಯಾಟ್.