ಕಡಿದ ಮೇಲೂ ತಿಂಗಳುಗಟ್ಟಲೆ ಒಸರುವ ಮರ

ತಾಳೆ ಜಾತಿಯ ಮರವೆಂದರೆ ಕಡಲತೀರ, ಸೆಕೆ, ಮರಳು ಎಂದುಕೊಳ್ಳುವವರು ಚಿಲಿ ದೇಶದ ಲಾ ಕಾಂಪಾನಾ ರಾಷ್ಟ್ರೀಯ ಉದ್ಯಾನದ ಚಿತ್ರಗಳನ್ನೊಮ್ಮೆ ನೋಡಬೇಕು. ಬೇಸಿಗೆಯಲ್ಲಿ ಮಳೆಯೇ ಕಾಣದ ಆ ಬೆಟ್ಟಗಳ ಓಕೋವಾ ಕಣಿವೆಯಲ್ಲಿ ಜುಬೇಯಾ ಚಿಲೆನ್ಸಿಸ್ ಮರಗಳು ಸಾವಿರಗಟ್ಟಲೆ ನಿಂತಿವೆ. ಇವು ನಮ್ಮ ತೆಂಗಿನ ದಾಯಾದಿಗಳು. ಕಾಯಿ ಪುಟ್ಟದು, ಆದರೆ ಕರಟದ ಮೂರು ಕಣ್ಣು, ಒಳಗಿನ ಬಿಳಿ ತಿರುಳು ಎಲ್ಲವೂ ಇವೆ.

1834ರ ಆಗಸ್ಟ್‌ನಲ್ಲಿ ಇಪ್ಪತ್ತೈದರ ಹರೆಯದ ಡಾರ್ವಿನ್ ಈ ಬೆಟ್ಟ ಹತ್ತಿದ. ಮರ ಅವನ ಕಣ್ಣಿಗೆ ಕುರೂಪಿ, ಆದರೆ ಅದರ ರಸ ಅವನನ್ನು ಬೆರಗುಗೊಳಿಸಿತು. ಮರ ಉರುಳಿಸಿ, ಗರಿಗಳ ತಲೆ ಕಡಿದರೆ ಸಿಹಿರಸ ತಿಂಗಳುಗಟ್ಟಲೆ ಒಸರುತ್ತದೆ. ಒಳ್ಳೆಯ ಮರದಿಂದ ತೊಂಬತ್ತು ಗ್ಯಾಲನ್, ಅಂದರೆ ಸುಮಾರು 400 ಲೀಟರ್. ಅದನ್ನು ಕಾಯಿಸಿ ಪಾಕ ಮಾಡುತ್ತಿದ್ದರು. ಮರದ ತಲೆ ಇಳಿಜಾರಿನ ಮೇಲ್ಮುಖಕ್ಕೇ ಬೀಳಬೇಕು, ಕೆಳಮುಖವಾದರೆ ರಸ ಬಾರದು ಎಂದೂ ಬರೆದಿಟ್ಟ.

ಉರುಳಿದ ದಿಂಡಿಗೆ ಇಷ್ಟು ಕಾಲ ಜೀವ ಹೇಗೆ? ಮಾವು, ಹಲಸಿನಲ್ಲಿ ತೊಗಟೆಯ ಕೆಳಗೆ ಹೊಸ ಪದರ ಹುಟ್ಟುತ್ತಲೇ ಇರುತ್ತದೆ, ನಡುವಿನ ಚೇಗು ಸತ್ತ ಕಟ್ಟಿಗೆ. ತಾಳೆಯ ವಂಶಕ್ಕೆ ಆ ಪದರವೇ ಇಲ್ಲ. ಹಾಗಾಗಿ ತೆಂಗಿನ ಕಾಂಡದೊಳಗೆ ವರ್ಷಕ್ಕೊಂದು ಉಂಗುರ ಮೂಡುವುದೂ ಇಲ್ಲ. ಹೊರಗೆ ಕಾಣುವ ಉಂಗುರಗಳು ಗರಿ ಉದುರಿದ ಗುರುತುಗಳು. ಸಕ್ಕರೆ ಸಾಗಿಸುವ ನಾಳಗಳು ಕಾಂಡದ ತುಂಬ ಚದುರಿವೆ, ಅವಕ್ಕೆ ಬದಲಿ ಬರುವುದಿಲ್ಲ. ಮರ ನೂರಾರು ವರ್ಷ ಬದುಕಿದರೆ ಬುಡದ ಜೀವಕೋಶಗಳೂ ಅಷ್ಟೇ ಕಾಲ ದುಡಿಯಬೇಕು! ಆ ನಾಳಗಳೊಳಗಿನ ಒತ್ತಡವೇ ರಸವನ್ನು ಹೊರತಳ್ಳುತ್ತದೆ. ಗಾಯ ಮುಚ್ಚಿಕೊಳ್ಳುತ್ತದೆಂದೇ ಚಿಲಿಯವರು ದಿನಾ ಬೆಳಿಗ್ಗೆ ತೆಳ್ಳಗೆ ಕೆತ್ತುತ್ತಿದ್ದರು. ಕಳ್ಳು ಇಳಿಸುವ ನಮ್ಮ ಮೂರ್ತೆದಾರರು ಮಾಡುವುದೂ ಅದನ್ನೇ. ಆದರೆ ಇವರು ಕೆತ್ತುವುದು ಹೊಂಬಾಳೆಯನ್ನು, ಸುಳಿಯನ್ನಲ್ಲ. ಜುಬೇಯಾಕ್ಕೆ ಇರುವುದೂ ಒಂದೇ ಸುಳಿ. ಅದು ಹೋದರೆ ಮರ ಮತ್ತೆ ಚಿಗುರದು.

ಡಾರ್ವಿನ್ನನ ಕಾಲದಲ್ಲಿ ಒಂದೇ ಎಸ್ಟೇಟಿನಲ್ಲಿ ಲಕ್ಷಗಟ್ಟಲೆ ಮರ ಎಣಿಸಿ, ಮುಗಿಯದೆ ಕೈಬಿಟ್ಟಿದ್ದರಂತೆ. ಇಂದು ಇದು ಅಳಿವಿನಂಚಿನ ಪ್ರಭೇದ. 1967ರಲ್ಲಿ ಉದ್ಯಾನವಾದದ್ದರಿಂದ ಓಕೋವಾದ ಕಾಡು ಉಳಿಯಿತು. ಆದರೂ ಕೊಡಲಿ ನಿಲ್ಲಿಸಿದರಷ್ಟೇ ಸಾಲದು. ಮೊದಲ ಹೂವಿಗೇ ದಶಕಗಳು ಬೇಕು. ಕಾಯಿಗಳನ್ನು ಜನ ಆಯುತ್ತಾರೆ, ಡೇಗು ಎಂಬ ದಂಶಕ ಮೆಲ್ಲುತ್ತದೆ. ಮೊಳೆತ ಸಸಿಗೆ ಪೊದೆಗಳ ನೆರಳೂ ಬೇಕು. ಆ ಪೊದೆಗಳಿಗೆ ಬೆಂಕಿ ಬಿದ್ದರೆ ದಪ್ಪ ಕಾಂಡದ ಮುದಿಮರಗಳು ತಾಳಿಕೊಳ್ಳಬಹುದು, ಎಳೆಯವಲ್ಲ.