ಎಲೆಯಿಂದ ಡಿಎನ್‌ಎ: ಕೆಲಸ ಕೆಡುವುದು ಎಲ್ಲಿ?

1996ರಲ್ಲಿ ಯೀಸ್ಟ್‌ನ ಜೀನೋಮ್ (ಅಂದರೆ ಅದರ ಇಡೀ ಡಿಎನ್‌ಎ) ಓದಿ ಮುಗಿಸಲು ನೂರಾರು ವಿಜ್ಞಾನಿಗಳು ವರ್ಷಗಟ್ಟಲೆ ದುಡಿದಿದ್ದರು. ಅದರಲ್ಲಿದ್ದದ್ದು ಸುಮಾರು 1.2 ಕೋಟಿ ಅಕ್ಷರ. ಇಂದಿನ ಯಂತ್ರಗಳಿಗೆ ಅದು ಒಂದೆರಡು ದಿನದ ಕೆಲಸ. ಹಾಗಿದ್ದೂ ಎಷ್ಟೋ ಸಸ್ಯಗಳ ಜೀನೋಮ್ ಕೆಲಸ ತಿಂಗಳುಗಟ್ಟಲೆ ನಿಂತುಬಿಡುತ್ತದೆ. ತಪ್ಪು ಯಂತ್ರದ್ದಲ್ಲ, ಅದಕ್ಕೆ ಕೊಟ್ಟ ಡಿಎನ್‌ಎಯದು.

ಸಸ್ಯಗಳಿಂದ ಡಿಎನ್‌ಎ ತೆಗೆಯಲು ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಜೆಫ್ ಡಾಯ್ಲ್ ಮತ್ತು ಜೇನ್ ಡಾಯ್ಲ್ 1987ರಲ್ಲಿ ಪ್ರಕಟಿಸಿದ ಸಿಟಿಎಬಿ ವಿಧಾನ, ಇಲ್ಲವೇ ಅದರ ಮಾರ್ಪಾಡು. ಎಳೆ ಎಲೆಯನ್ನೇ ಆರಿಸಬೇಕು. ಕೀಳುವ ಮೊದಲು ಗಿಡವನ್ನು ಒಂದೆರಡು ದಿನ ಕತ್ತಲಲ್ಲಿಟ್ಟರೆ ಎಲೆಯ ಪಿಷ್ಟ ಕರಗುತ್ತದೆ. ಸುಮಾರು 100 ಮಿಲಿಗ್ರಾಂ ಎಲೆಯನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ ಕುಟ್ಟಾಣಿಯಲ್ಲಿ ನುಣ್ಣಗೆ ಅರೆಯುತ್ತಾರೆ. ಪುಡಿ ಕರಗಿ ಹಸಿಯಾಯಿತೋ, ಕೋಶದೊಳಗಿನ ಕಿಣ್ವಗಳು ಎಚ್ಚೆತ್ತು ಡಿಎನ್‌ಎಯನ್ನು ತುಂಡರಿಸತೊಡಗುತ್ತವೆ. ಆದ್ದರಿಂದ ಪುಡಿ ಹೆಪ್ಪುಗಟ್ಟಿರುವಾಗಲೇ 65 ಡಿಗ್ರಿಗೆ ಬಿಸಿ ಮಾಡಿಟ್ಟ ದ್ರಾವಣಕ್ಕೆ ಬೀಳಬೇಕು.

ಆ ದ್ರಾವಣದಲ್ಲಿ ಶೇ 2ರಷ್ಟು ಸಿಟಿಎಬಿ, 1.4 ಮೋಲಾರ್ (ಸಾಂದ್ರತೆಯ ಅಳತೆ) ಉಪ್ಪು, ಆಮ್ಲೀಯತೆ ಏರುಪೇರಾಗದಂತೆ ನೋಡಿಕೊಳ್ಳುವ ಟ್ರಿಸ್, ಡಿಎನ್‌ಎ ಕತ್ತರಿಸುವ ಕಿಣ್ವಗಳನ್ನು ತಡೆಯುವ ಇಡಿಟಿಎ ಇರುತ್ತವೆ. ಸಿಟಿಎಬಿ ಒಂದು ಬಗೆಯ ಮಾರ್ಜಕ. ಕೋಶದ ಪೊರೆ ಒಡೆಯುತ್ತದೆ. ಉಪ್ಪಿನದು ಇನ್ನೂ ನಾಜೂಕಿನ ಕೆಲಸ: ಅದು 0.7 ಮೋಲಾರ್‌ಗಿಂತ ಹೆಚ್ಚಿದ್ದರೆ ಸಿಟಿಎಬಿ ಪ್ರೋಟೀನ್ ಮತ್ತು ಲೋಳೆಯನ್ನು (ಎಲೆಯ ಅಂಟಾದ ಸಕ್ಕರೆಗಳನ್ನು) ಹಿಡಿದು ಡಿಎನ್‌ಎಯನ್ನು ದ್ರವದಲ್ಲೇ ಬಿಡುತ್ತದೆ, ಕಡಿಮೆಯಾದರೆ ಡಿಎನ್‌ಎಯನ್ನೂ ಎಳೆದುಕೊಂಡು ತಳಕ್ಕಿಳಿಯುತ್ತದೆ. ಮಾವು, ಗೋಡಂಬಿಯಂಥ ಎಲೆಗಳಿಗೆ ಫೀನಾಲ್‌ಗಳನ್ನು ಹಿಡಿದಿಡುವ ಪಿವಿಪಿ ಮತ್ತು ಅವು ಕಂದಾಗದಂತೆ ತಡೆಯುವ ಬೀಟಾ-ಮರ್ಕ್ಯಾಪ್ಟೋಎಥನಾಲ್ ಸೇರಿಸದೆ ಗತ್ಯಂತರವಿಲ್ಲ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆ ಅವುಗಳ ಫೀನಾಲ್‌ಗಳು ಗಾಳಿ ತಗುಲಿ ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ, ಆಮೇಲೆ ಎಷ್ಟು ತೊಳೆದರೂ ಬಿಡುವುದಿಲ್ಲ.

ಅರ್ಧದಿಂದ ಒಂದು ಗಂಟೆ ಬಿಸಿಯಲ್ಲಿಟ್ಟು, 24:1 ಕ್ಲೋರೋಫಾರ್ಮ್–ಐಸೋಅಮೈಲ್ ಆಲ್ಕೋಹಾಲ್ ಬೆರೆಸಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಡಿಎನ್‌ಎ ಮೇಲಿನ ನೀರಿನ ಪದರದಲ್ಲಿ ಉಳಿಯುತ್ತದೆ. ನಡುವಿನ ಬಿಳಿ ಪದರದ ಹತ್ತಿರ ಪಿಪೆಟ್ ಒಯ್ಯಬಾರದು. ಕೊನೆಯ ಹನಿಯ ಆಸೆಗೆ ಬಿದ್ದು ಅಲ್ಲಿನ ಪ್ರೋಟೀನನ್ನೂ ಎಳೆದುಕೊಳ್ಳುವುದು ಹೊಸಬರ ಮಾಮೂಲಿ ತಪ್ಪು. ಮುಂದೆ ಐಸೋಪ್ರೊಪನಾಲ್ ಸೇರಿಸಿ ಡಿಎನ್‌ಎಯನ್ನು ಬೇರ್ಪಡಿಸಿ ಶೇ 70ರ ಎಥನಾಲ್‌ನಲ್ಲಿ ತೊಳೆಯುವುದು. ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರೆ ಹೆಚ್ಚು ಸಿಗುತ್ತದೆ ಎನ್ನುವವರಿದ್ದಾರೆ. ಜೊತೆಗೆ ಉಪ್ಪು, ಲೋಳೆಯೂ ಹೆಚ್ಚು ಬರುತ್ತದೆ ಅಷ್ಟೆ.

ಅಳತೆಯಲ್ಲೂ ಮೋಸವಿದೆ. ಮಾದರಿ 260 ಮತ್ತು 280 ನ್ಯಾನೋಮೀಟರ್ ತರಂಗದ ಬೆಳಕನ್ನು ಎಷ್ಟೆಷ್ಟು ಹೀರುತ್ತದೆ ಎಂಬುದರ ಅನುಪಾತ (260/280) 1.8 ಬಂದರೆ ಪ್ರೋಟೀನ್ ಹೋಗಿದೆ ಎನ್ನಬಹುದು. 260/230 ಅನುಪಾತ 2ಕ್ಕಿಂತ ತೀರಾ ಕೆಳಗಿದ್ದರೆ ಸಕ್ಕರೆ, ಫೀನಾಲ್ ಉಳಿದಿರುವ ಸಾಧ್ಯತೆ ಹೆಚ್ಚು. ಡಿಎನ್‌ಎಯನ್ನು ಸೂಕ್ಷ್ಮ ರಂಧ್ರಗಳ ಮೂಲಕ ಹಾಯಿಸಿ ಓದುವ ನ್ಯಾನೋಪೋರ್ ಯಂತ್ರದ ರಂಧ್ರಗಳು ಕಟ್ಟಿಕೊಳ್ಳುವುದು ಹೆಚ್ಚಾಗಿ ಇಂಥ ಮಾದರಿಯಿಂದಲೇ. ಡಿಎನ್‌ಎಯ ಉದ್ದ ಎಳೆ ಓದಬೇಕಾದರೆ ಅದು ತುಂಡಾಗದಂತೆ ವೋರ್ಟೆಕ್ಸ್ (ಕೊಳವೆಯನ್ನು ಜೋರಾಗಿ ಅಲುಗಿಸುವ ಯಂತ್ರ) ಮುಟ್ಟಲೇಬಾರದು, ಪಿಪೆಟ್‌ಗೆ ಅಗಲ ಬಾಯಿಯ ತುದಿ ಹಾಕಬೇಕು.

ಶಿಲೀಂಧ್ರ, ಪಾಚಿಗಳ ತೊಡಕೇ ಬೇರೆ. ಶಿಲೀಂಧ್ರದ ಕೋಶದ ಗೋಡೆ ಕೈಟಿನ್ ಎಂಬ ಗಟ್ಟಿ ವಸ್ತುವಿನದು. ಎಳೆಜಾಲವನ್ನು ಹೆಪ್ಪುಗಟ್ಟಿಸಿ ಒಣಗಿಸಿ ಅರೆದರೆ ಸುಲಭ. ಪಾಚಿಯ ತೊಂದರೆ ಬೇರೆ: ಬಾಟಲಿಯಲ್ಲಿ ಅದರೊಂದಿಗೆ ಬ್ಯಾಕ್ಟೀರಿಯಾವೂ ಬೆಳೆದಿರುತ್ತದೆ. ಆ್ಯಂಟಿಬಯೋಟಿಕ್ ಹಾಕಿದರೂ ಪೂರ್ತಿ ಹೋಗುವುದು ಅಪರೂಪ. ಆಗ ಓದಿ ಜೋಡಿಸಿದ ಡಿಎನ್‌ಎ ತುಣುಕುಗಳಲ್ಲಿನ ಜಿ–ಸಿ (ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಎರಡು) ಪ್ರಮಾಣ, ಪ್ರತಿ ತುಣುಕು ಎಷ್ಟು ಬಾರಿ ಓದಲ್ಪಟ್ಟಿದೆ ಎಂಬ ಲೆಕ್ಕ, ಇವೆರಡನ್ನೂ ನೋಡಿ ಪಾಚಿಯದ್ದನ್ನು ಬ್ಯಾಕ್ಟೀರಿಯಾದಿಂದ ಕಂಪ್ಯೂಟರಿನಲ್ಲೇ ಹೆಕ್ಕಿ ತೆಗೆಯಬೇಕಾಗುತ್ತದೆ.